ಗುಂಡಿಯಲ್ಲಿದ್ದ ಸುಣ್ಣ

"ಸ್ವಾಮಿ, 'ತಾಳ್ಮೆ ಕೊಡು' ಎಂದು ದೇವರ ಮುಂದೆ ಮೊಣಕಾಲೂರಿದರೆ ನನಗೆ ಕೋಪ ಇನ್ನೂ ಹೆಚ್ಚುತ್ತದಲ್ಲ, ಯಾಕೆ?" ಎಂದು ಇನ್ನಾಸಪ್ಪ ಚರ್ಚಿನ ಗುರುಗಳನ್ನು ಕೇಳಿದ.

ಊರ ಚರ್ಚಿನಲ್ಲಿ ಮಕ್ಕಳಿಗೆ ಜಪ ಕಲಿಸುವ ಉಪದೇಶಿ ಅವನು. ತನಗೊಂದು ಮಾತೂ ಹೇಳದೆ ಅಣ್ಣ ತನ್ನ ಮಗಳ ಮದುವೆ ನಿಶ್ಚಯ ಮಾಡಿದ್ದೇ ಅವನ ಕೋಪಕ್ಕೆ ಕಾರಣ. ಪೂಜೆ ಮುಗಿದ ಮೇಲೆ ಬಹಳ ಹೊತ್ತು ಪ್ರಾರ್ಥಿಸಿದ, ಕೋಪ ಇಳಿಯಲಿಲ್ಲ. ಇನ್ನು ದೇವರಿಗಾಗಿ ಕಾಯುವುದರಲ್ಲಿ ಅರ್ಥವಿಲ್ಲ, ಅಣ್ಣನ ಮನೆಗೇ ಹೋಗಿ 'ಇವತ್ತಿಗೆ ನಿನಗೂ ನನಗೂ ಮುಗಿಯಿತು' ಎಂದುಬಿಡುತ್ತೇನೆ ಎಂದು ಚಪ್ಪಲಿ ಮೆಟ್ಟಿ ಹೊರಟವನು, ಬಾಗಿಲಲ್ಲೇ ಗುರುಗಳ ಕೈಗೆ ಸಿಕ್ಕಿಬಿದ್ದಿದ್ದ.

ಗುರುಗಳು ಮೆಟ್ಟಿಲ ಮೇಲೆ ಕೂತರು. ಇನ್ನಾಸಪ್ಪನೂ ಕೂರಲೇಬೇಕಾಯಿತು. ಅವರು ಹೇಳತೊಡಗಿದರು.

ಒಬ್ಬ ಗಾರೆಯವನಿದ್ದ. ಕೆಲಸದಲ್ಲಿ ಎತ್ತಿದ ಕೈ. ಕೋಪ ಮಾತ್ರ ಮೂಗಿನ ತುದಿಯಲ್ಲೇ, ನಿನ್ನ ಹಾಗೆ. ಈಸ್ಟರ್ ಹಬ್ಬದೊಳಗೆ ಚರ್ಚಿನ ಗೋಡೆಗೆ ಗಾರೆ ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದ.

ಸುಟ್ಟ ಸುಣ್ಣದ ಕಲ್ಲು ನೋಡಲು ತಣ್ಣಗಿರುತ್ತದೆ. ನೀರು ಬಿದ್ದೊಡನೆ ಕೊತಕೊತ ಕುದಿಯುತ್ತದೆ. ಕುದಿದು, ಆರಿ, ಬೆಣ್ಣೆಯ ಹಾಗಾಗುವವರೆಗೆ ಅದನ್ನು ಗುಂಡಿಯಲ್ಲೇ ಬಿಡಬೇಕು. ನೀರು ಹಾಕುವ ಕೆಲಸ ಗಾರೆಯವನ ತಮ್ಮನದು. ಅವನು ಮರೆತು, ತಡವಾಗಿ ಹಾಕಿದ. ಹಬ್ಬ ಹತ್ತಿರ ಬಂದಿತ್ತು. ಗಾರೆಯವನು ಬುಟ್ಟಿ ತೆಗೆದುಕೊಂಡು ಗುಂಡಿಗೆ ಬಂದ.

"ಅಣ್ಣಾ, ಒಳಗಿನ್ನೂ ಕುದೀತಾ ಐತೆ, ಈಗ್ಲೇ ಎತ್ತಬ್ಯಾಡ," ಎಂದ ತಮ್ಮ.

"ನಂಗೇ ಬುದ್ಧಿ ಹೇಳ್ತೀಯಾ? ಹೋಗು, ನೀನು ನನ್ನ ತಮ್ಮನೇ ಅಲ್ಲ!"

ತಮ್ಮ ಹೋದ. ಗಾರೆಯವನು ಅದೇ ಸುಣ್ಣವನ್ನು ಗೋಡೆಗೆ ಮೆತ್ತಿದ. ಹಬ್ಬದ ದಿನ ಗೋಡೆ ಥಳಥಳ ಹೊಳೆಯಿತು, ಎಲ್ಲರೂ ಹೊಗಳಿದರು. ಮಳೆಗಾಲ ಬರುವಷ್ಟರಲ್ಲಿ ಆರದೆ ಉಳಿದಿದ್ದ ಹರಳುಗಳು ಗೋಡೆಯೊಳಗೇ ಅರಳಿ, ಗಾರೆ ಉಬ್ಬಿ, ಹಕ್ಕಳೆ ಹಕ್ಕಳೆಯಾಗಿ ಉದುರತೊಡಗಿತು. ಗಾರೆಯವನಿಗೆ ನಾಚಿಕೆಯಾಯಿತು. ಎಲ್ಲವನ್ನೂ ಕೆರೆದು ತೆಗೆದ. ಈ ಸಲ ಸುಣ್ಣವನ್ನು ಗುಂಡಿಯಲ್ಲಿ ಸಾಕಷ್ಟು ದಿನ ಬಿಟ್ಟು ಮತ್ತೆ ಮೆತ್ತಿದ. ಆ ಗೋಡೆ ಇವತ್ತಿಗೂ ಗಟ್ಟಿಯಾಗಿದೆ.

ಆಮೇಲೆ ತಮ್ಮನನ್ನು ಕರೆತರಲು ಹೋದ. ತಮ್ಮ ಹೊಸ್ತಿಲು ದಾಟಿ ಬರಲಿಲ್ಲ. ಒಳಗಿನಿಂದಲೇ ಕೇಳಿದ: "ಗೋಡೆಗೆ ಮೆತ್ತಿದ್ದನ್ನ ಕೆರೆದು ತೆಗೆದೆಯಂತೆ. ನಂಗೆ ಅಂದದ್ದನ್ನ ಹ್ಯಾಗೆ ಕೆರೀತೀಯಣ್ಣಾ?"

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಇನ್ನಾಸಪ್ಪ ತಲೆ ತಗ್ಗಿಸಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಮೆಲ್ಲಗೆ ಅಂದ: "ನಾನು ಕೇಳಿದ್ದು ಪ್ರಾರ್ಥನೆಯ ವಿಷಯ, ಸ್ವಾಮಿ."

"ಸುಣ್ಣ ಕುದಿಯುವುದೇ ನೀರು ಬಿದ್ದ ಮೇಲೆ, ಇನ್ನಾಸಪ್ಪ. ಕೋಪ ಆರುವ ತನಕ ಮೊಣಕಾಲ ಮೇಲೆಯೇ ಇರು, ಆಮೇಲೆ ಅಣ್ಣನ ಮನೆಗೆ ಹೋಗುವೆಯಂತೆ."