ಬಿಡಬಹುದು ಎಂದು ಬರೆದವನು

"ಬುದ್ಧಿ, ಒಬ್ಬ ಮನುಷ್ಯ ನಿಜವಾಗಿಯೂ ಬದಲಾಗಿದ್ದಾನೆ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಗುರುಗಳನ್ನು ಕೇಳಿದ.

ಅವನು ಸುಮ್ಮನೆ ಕೇಳಿರಲಿಲ್ಲ. ಜಗಳದಲ್ಲಿ ಒಬ್ಬನ ತಲೆ ಒಡೆದು ಮಠ ಬಿಟ್ಟುಹೋಗಿದ್ದ ಅಡುಗೆಯವನು ನಾಲ್ಕು ವರ್ಷದ ಮೇಲೆ ಹಿಂದಿರುಗಿದ್ದ. ಅವನನ್ನು ಮತ್ತೆ ಸೇರಿಸಿಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನವನ್ನು ಗುರುಗಳು ಶಿಷ್ಯನಿಗೇ ಬಿಟ್ಟಿದ್ದರು. ಮೂರು ದಿನದಿಂದ ಅವನಿಗೆ ನಿದ್ದೆಯಿರಲಿಲ್ಲ.

ಗುರುಗಳು ಹೇಳತೊಡಗಿದರು.

ಒಂದು ಜಿಲ್ಲೆಯಲ್ಲಿ ಒಬ್ಬ ಅಧಿಕಾರಿಯಿದ್ದ. ಶಿಕ್ಷೆ ಮುಗಿಯುವ ಮೊದಲೇ ಬಿಡುಗಡೆ ಕೇಳುವ ಕೈದಿಗಳ ವಿಚಾರಣೆ ಅವನ ಕೆಲಸ. ಜೈಲಿಗೆ ಹೋಗಿ ಕೈದಿಯನ್ನು ಮಾತನಾಡಿಸಬೇಕು. ಅವನ ಊರಿಗೆ ಹೋಗಿ ಜನರನ್ನು ಕೇಳಬೇಕು. ಬಿಡಬಹುದು ಅಥವಾ ಬಿಡಬಾರದು ಎಂದು ವರದಿ ಬರೆಯಬೇಕು.

ಮೊದಮೊದಲು ಅವನು ಮನಸ್ಸಿಟ್ಟು ಕೇಳುತ್ತಿದ್ದ. ಒಮ್ಮೆ ಒಬ್ಬ ಕೈದಿ ಮಗಳ ಮೇಲೆ ಆಣೆ ಮಾಡಿದ. ಅಧಿಕಾರಿ ನಂಬಿ, ಬಿಡಬಹುದು ಎಂದು ಬರೆದ. ಹೊರಬಂದ ಮೂರೇ ತಿಂಗಳಿಗೆ ಆ ಮನುಷ್ಯ ಸ್ವಂತ ತಮ್ಮನ ಮೇಲೆ ಕುಡುಗೋಲು ಬೀಸಿದ. ತಮ್ಮ ಉಳಿಯಲಿಲ್ಲ. ಕಚೇರಿಯಲ್ಲಿ ಯಾರೂ ಅಧಿಕಾರಿಯನ್ನು ಬೈಯಲಿಲ್ಲ. ಆದರೆ ಸತ್ತವನ ಹೆಂಡತಿ ಬಂದಳು. ವರದಿ ಬರೆದ ಕೈ ತೋರಿಸಿ ಎಂದಳು. ಅವನು ತೋರಿಸಿದ. ನೋಡಿ ಹೊರಟುಹೋದಳು.

ಅಂದಿನಿಂದ ಅವನು ಎಲ್ಲರಿಗೂ ಒಂದೇ ಮಾತು ಬರೆಯತೊಡಗಿದ: ಇನ್ನೂ ಕಾಲ ಬಂದಿಲ್ಲ. ಒಳಗೇ ಉಳಿದವನ ವಿಷಯಕ್ಕೆ ಯಾರೂ ಬಂದು ಕೈ ನೋಡುವುದಿಲ್ಲ. ಹಾಗೆ ಹನ್ನೊಂದು ವರ್ಷ ಕಳೆಯಿತು. ಕೆಲಸ ಅವನಿಗೆ ಸಾಕಾಗಿತ್ತು.

ಆ ಜೈಲಿನಲ್ಲಿ ಓಬಯ್ಯ ಎಂಬ ಕೈದಿಯಿದ್ದ. ಕಾಲುವೆ ನೀರಿನ ಸರದಿಗಾಗಿ ಜಗಳವಾಗಿ, ಪಕ್ಕದ ಹೊಲದವನನ್ನು ಸಲಿಕೆಯಿಂದ ಹೊಡೆದು ಕೊಂದಿದ್ದ. ಹದಿನಾರು ವರ್ಷ ಒಳಗೆ ಕಳೆದಿದ್ದ. ಅವನ ಅರ್ಜಿ ಎರಡು ಸಲ ಬಂದಿತ್ತು. ಎರಡು ಸಲವೂ ಅಧಿಕಾರಿ ಅವನನ್ನು ಸರಿಯಾಗಿ ಮಾತನಾಡಿಸದೆಯೇ ಅದೇ ಮಾತು ಬರೆದಿದ್ದ. ಮೂರನೆಯ ಸಲ ಬಂದಾಗ, ನಿಯಮದಂತೆ ಮತ್ತೆ ಆ ಊರಿಗೆ ಹೋದ.

ಓಬಯ್ಯನ ಕೈಯಲ್ಲಿ ಸತ್ತವನ ಹೆಂಡತಿ ತಿಪ್ಪಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ಓಬಯ್ಯ ಊರಿಗೆ ಬಂದರೆ ನಿಮಗೆ ಭಯವಿದೆಯೇ ಎಂದು ಅಧಿಕಾರಿ ಕೇಳಿದ.

"ಇದನ್ನೇ ಮೂರು ಸಲ ಕೇಳಿದಿರಿ ಸ್ವಾಮಿ," ಎಂದಳು ತಿಪ್ಪಮ್ಮ. "ನೀವು ಬಂದುಹೋದ ಮೇಲೆ ತಿಂಗಳುಗಟ್ಟಲೆ ನನ್ನ ಗಂಡ ಮತ್ತೆ ಆ ಕಾಲುವೆಯಲ್ಲಿ ಬಿದ್ದಿರುತ್ತಾನೆ. ಬಿಡುವುದಾದರೆ ಬಿಡಿ, ಇಲ್ಲವಾದರೆ ಇಟ್ಟುಕೊಳ್ಳಿ. ಅವನನ್ನು ಕ್ಷಮಿಸಿ ಈ ಮಾತು ಹೇಳುತ್ತಿಲ್ಲ. ನನಗೆ ಸಾಕಾಗಿದೆ."

ಅಧಿಕಾರಿ ಜೈಲಿಗೆ ಹೋದ. ಮುಂದೆ ಯಾರ ಮೇಲೂ ಕೈ ಎತ್ತುವುದಿಲ್ಲ ಎಂದು ಹೇಳಬಲ್ಲೆಯಾ ಎಂದು ಓಬಯ್ಯನನ್ನು ಕೇಳಿದ.

"ಹೇಳಲಾರೆ ಸ್ವಾಮಿ. ಆ ಜಗಳದ ದಿನ ಬೆಳಿಗ್ಗೆ ನೀವು ಕೇಳಿದ್ದರೆ, ನಾನು ಅಂಥವನಲ್ಲ ಅನ್ನುತ್ತಿದ್ದೆ. ಅದು ಸುಳ್ಳೂ ಆಗಿರುತ್ತಿರಲಿಲ್ಲ."

ಇಷ್ಟು ವರ್ಷ ಬಂದವರೆಲ್ಲ ಆಣೆ ಮಾಡಿದ್ದರು. ಹೀಗೆ ಹೇಳಿದವನು ಇವನೊಬ್ಬನೇ. ಆದರೆ ಆ ಮಾತಿನಿಂದ ಅಧಿಕಾರಿಗೆ ಧೈರ್ಯವೇನೂ ಬರಲಿಲ್ಲ. ಎರಡು ದಿನ ಕಾಗದ ಮುಂದಿಟ್ಟುಕೊಂಡು ಕೂತ. ಮೂರನೆಯ ದಿನ ಬಿಡಬಹುದು ಎಂದು ಬರೆದು ರುಜು ಹಾಕಿದ.

ಓಬಯ್ಯ ಹೊರಬಂದ. ತಿಂಗಳಿಗೊಮ್ಮೆ ಕಚೇರಿಗೆ ಬಂದು ಹಾಜರಿ ಹಾಕಬೇಕೆಂಬುದು ಷರತ್ತು. ಎರಡು ತಿಂಗಳು ಬಂದ. ಮೂರನೆಯ ತಿಂಗಳು ಬರಲಿಲ್ಲ. ಅಧಿಕಾರಿ ಸಂಜೆಯವರೆಗೆ ಕಾದ. ಮರುದಿನ ಮೊದಲ ಬಸ್ಸು ಹತ್ತಿ ಆ ಊರಿಗೆ ಹೊರಟ. ದಾರಿಯುದ್ದಕ್ಕೂ ಅಂದು ಕುಡುಗೋಲಿಗೆ ಬಲಿಯಾದ ಆ ತಮ್ಮನೇ ಕಣ್ಣಮುಂದೆ.

ಓಬಯ್ಯ ಮನೆಯಲ್ಲೇ ಇದ್ದ. ಯಾರನ್ನೂ ಹೊಡೆದಿರಲಿಲ್ಲ. ಆ ಊರಿನಲ್ಲಿ ಬಸ್ಸು ನಿಲ್ಲುವುದು ತಿಪ್ಪಮ್ಮನ ಮನೆಯ ಎದುರು. ಹಿಂದಿನ ತಿಂಗಳು ಕಚೇರಿಯಿಂದ ಬಂದು ಬಸ್ಸಿಳಿದಾಗ ಅವಳ ಮೈದುನ ಅಡ್ಡ ನಿಂತು, ಬಾಯಿಗೆ ಬಂದಂತೆ ಬೈದು, ಎದೆಗೆ ಕೈ ಹಾಕಿ ನೂಕಿದ್ದ. ತನ್ನ ಮುಷ್ಟಿ ಬಿಗಿಯುತ್ತಿರುವುದು ಓಬಯ್ಯನಿಗೆ ತಿಳಿಯಿತು. ತಲೆ ತಗ್ಗಿಸಿ ಮನೆಗೆ ಬಂದವನು ಮತ್ತೆ ಹೊಸಿಲು ದಾಟಿರಲಿಲ್ಲ. ಅವನಿಗೆ ಮೈದುನನ ಭಯವಿರಲಿಲ್ಲ. ತನ್ನ ಭಯವೇ ಇತ್ತು.

ಅಧಿಕಾರಿ ಒಂದು ಹಾಳೆಯ ಮೇಲೆ ಅವನ ರುಜು ಹಾಕಿಸಿಕೊಂಡ. ಮುಂದಿನ ತಿಂಗಳು ನಾನೇ ಬರುತ್ತೇನೆ ಎಂದ. ಹೇಳಿದಂತೆ ಬಂದ. ಓಬಯ್ಯನನ್ನು ಪಕ್ಕದಲ್ಲಿ ನಡೆಸಿಕೊಂಡು ಆ ಮನೆಯ ಮುಂದೆಯೇ ಹಾದು ಅಂಗಡಿಯವರೆಗೆ ಹೋಗಿಬಂದ. ಮೈದುನ ಕ್ಯಾಕರಿಸಿ ಉಗಿದ. ಅಷ್ಟೇ. ಅಲ್ಲಿಂದ ಪ್ರತಿ ತಿಂಗಳೂ ಹೋದ. ನಿವೃತ್ತಿಯಾದ ಮೇಲೂ ಮಂಡಿನೋವು ಸಹಿಸಿಕೊಂಡು ಹೋಗುತ್ತಿದ್ದಾನೆ. ಐದು ವರ್ಷವಾಯಿತು. ಓಬಯ್ಯ ಈವರೆಗೆ ಯಾರ ಮೇಲೂ ಕೈ ಎತ್ತಿಲ್ಲ.

ಶಿಷ್ಯನ ಮುಖ ಹಗುರಾಯಿತು. ಹಾಗಾದರೆ ಓಬಯ್ಯ ಬದಲಾಗಿದ್ದಾನೆಂದು ವರದಿ ಬರೆದ ದಿನವೇ ಅಧಿಕಾರಿಗೆ ತಿಳಿದಿತ್ತಲ್ಲವೇ ಎಂದು ಕೇಳಿದ.

ಗುರುಗಳು ಹೇಳಿದರು: "ತಿಳಿದಿದ್ದರೆ ಅವನು ತಿಂಗಳು ತಿಂಗಳು ಬಸ್ಸು ಹತ್ತುತ್ತಿರಲಿಲ್ಲ."