ಅಜ್ಜನವರ ಪಾಳಿ

ಮದುಮಗನನ್ನು ಕ್ಷೌರದಂಗಡಿಯಿಂದ ಎಬ್ಬಿಸಿ ಕಳಿಸಿದ ದಿನ ಯಮನಪ್ಪ ನೇರವಾಗಿ ಮಠಕ್ಕೆ ಬಂದ. ಮದುಮಗ ಅವನ ತಮ್ಮ.

ಪರಮಪೂಜ್ಯ ಶ್ರೀ ಕರಿವೀರಜ್ಜನವರು ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಕಡಕೊಪ್ಪದ ಆ ಮಠಕ್ಕೆ ಇದ್ದದ್ದು ಎರಡು ಕೋಣೆ, ಒಂದು ಬೇವಿನ ಮರ. ಕುಳಿತಾಗ ಅಜ್ಜನವರ ಜಟೆ ನೆಲ ಮುಟ್ಟುತ್ತಿತ್ತು. ದೂರದ ಊರುಗಳ ಭಕ್ತರು ಬಂದು ಆ ಜಟೆಗೆ ಕೈಮುಗಿದು ಹೋಗುತ್ತಿದ್ದರು. ಘೋರ ತಪಸ್ಸಿನ ಗುರುತು ಎನ್ನುತ್ತಿದ್ದರು. ಅಜ್ಜನವರು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಒಳಗೆ ಗೋಡೆಯ ಮೇಲೆ ಹಿಂದಿನ ಗುರುಗಳ ಪಟಗಳಿದ್ದವು. ಎಲ್ಲರದೂ ನುಣ್ಣಗೆ ಬೋಳಿಸಿದ ತಲೆ. ಅದನ್ನು ಯಾರೂ ಗಮನಿಸಿರಲಿಲ್ಲ.

ಯಮನಪ್ಪ ಊರಾಚೆಯ ಕೇರಿಯವನು. ಮೀಸೆ ಮೂಡಿದಂದಿನಿಂದ ಈ ಮೈಲಿಗೆಯ ವಿರುದ್ಧ ಹೊಡೆದಾಡಿದವನು. ಹೋಟೆಲಿನ ಸೂರಿಗೆ ಸಿಕ್ಕಿಸಿಡುತ್ತಿದ್ದ ಬೇರೆ ಚಹಾ ಬಸಿಯನ್ನು ತೆಗೆಸಿದವನು ಅವನೇ. ಬಸಿ ಹೋಯಿತು, ಪ್ಲಾಸ್ಟಿಕ್ ಕಪ್ಪು ಬಂತು. ಅದೂ ಕೇರಿಯವರಿಗೆ ಮಾತ್ರ. ಕ್ಷೌರದಂಗಡಿಯ ಮೇಲೆ ದೂರು ಕೊಟ್ಟ. ಪೊಲೀಸರು ಬಂದರು, ಅಂಗಡಿ ಮುಚ್ಚಿತು. ಅವರು ಹೋದ ಮೇಲೆ ತೆರೆಯಿತು. ಕೇರಿಯವರು ಹೋದಾಗಲೆಲ್ಲ ಬ್ಲೇಡು ಮುಗಿದಿರುತ್ತಿತ್ತು.

"ಸಾಕಾತ್ರಿ ಅಜ್ಜಾರ. ಮದಿವಿ ಮುಗಿಸಿ ಗೋವಾಕ್ಕ ದುಡಿಯಾಕ ಹೊಕ್ಕೀನಿ. ಇನ್ನ ಈ ಉಸಾಬರಿ ಬ್ಯಾಡ."

ಅಜ್ಜನವರು ಮೊರ ಕೇರುತ್ತಲೇ ಇದ್ದರು. ಯಮನಪ್ಪನಿಗೆ ಸಿಟ್ಟು ಬಂತು.

"ನಿಮಗೇನ್ರಿ, ಜಟಾ ಬಿಟ್ಟು ಕುಂತೀರಿ. ಕಟಿಂಗಿನ ಗೋಳು ನಿಮಗೇನ್ ಗೊತ್ತು?"

ಅಜ್ಜನವರು ಮೊರದಿಂದ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು.

"ನಾಳೆ ಸೋಮವಾರ. ನನ್ನ ಜೋಡಿ ಬಾ," ಎಂದರು.

ಸೋಮವಾರ ಅಜ್ಜನವರು ಜೋಳಿಗೆ ಹಿಡಿದು ಭಿಕ್ಷೆಗೆ ದಯಮಾಡಿಸುವ ದಿನ. ದಾರಿಯಲ್ಲಿ ಕ್ಷೌರಿಕ ನಾಗಲಿಂಗನ ಅದೇ ಅಂಗಡಿ. ಅಲ್ಲಿಯ ಹಲಗೆಯ ಮೇಲೆ ಅಜ್ಜನವರು ಸ್ವಲ್ಪ ಹೊತ್ತು ಕೂರುವರು. ದಣಿವಾರಿಸಿಕೊಳ್ಳುತ್ತಾರೆಂದು ಊರು ತಿಳಿದಿತ್ತು. ನಾಗಲಿಂಗ ಪಾದಕ್ಕೆ ಬಾಗುವನು, ಅಜ್ಜನವರು ಏನೋ ಮೆಲ್ಲಗೆ ಹೇಳುವರು. ಆಶೀರ್ವಾದವೆಂದು ಜನ ಅಂದುಕೊಂಡಿದ್ದರು.

ಅಂದು ಯಮನಪ್ಪ ಅಜ್ಜನವರ ಮಗ್ಗುಲಲ್ಲೇ ನಿಂತಿದ್ದ. ಮಾತು ಅವನ ಕಿವಿಗೆ ಬಿತ್ತು.

"ನಾಗಲಿಂಗಾ, ಕೇರಿಯವರು ಯಾರರೆ ಕುರ್ಚಿ ಮ್ಯಾಲೆ ಕುಂತ್ರೇನು?"

"ಇಲ್ರಿ ಅಜ್ಜಾರ."

"ಹಂಗಾರ ನನ್ನ ಪಾಳಿ ಇನ್ನೂ ಬಂದಿಲ್ಲ."

ಅಜ್ಜನವರು ಎದ್ದು ನಡೆದರು. ಯಮನಪ್ಪ ಆ ಜಟೆಯನ್ನು ನೋಡಿದ. ಗೋಡೆಯ ಮೇಲಿನ ಬೋಳುತಲೆಯ ಗುರುಗಳು ನೆನಪಾದರು.

ಸಾಬೂನಿನ ನೀರು ಚೆಲ್ಲಲು ನಾಗಲಿಂಗ ಹೊರಗೆ ಬಂದಾಗ ಯಮನಪ್ಪ ತಡೆದು ಕೇಳಿದ: "ಯಾವಾಗಿಂದ?"

ನಾಗಲಿಂಗ ತಲೆ ಎತ್ತಲಿಲ್ಲ. "ನಮ್ಮಪ್ಪನ ಕಾಲದಿಂದ. ಅಜ್ಜಾರಿಗೆ ಒಮ್ಮೆ ಹೂಂ ಅನ್ನಾಕ ಆಗಲಿಲ್ಲಲೇ ಅಂತ ಅಳಕೋತನ ಜೀವಾ ಬಿಟ್ಟ. ನನಗೂ ಧೈರ್ಯ ಇಲ್ಲೋ ಯಣ್ಣಾ. ಗೌಡ್ರ ಮನ್ಯಾಗಿಂದ ವರ್ಷಾ ಬರೂ ವರ್ತನಿ ಕಾಳು ನಿಂತ್ರ ಉಪಾಸ."

ಯಮನಪ್ಪ ಓಡಿಹೋಗಿ ಅಜ್ಜನವರನ್ನು ಕೂಡಿಕೊಂಡ.

"ಅಜ್ಜಾರ, ನೀವು ಒಂದು ಅಪ್ಪಣಿ ಮಾಡಿದ್ರ ಮುಗೀತಿತ್ತಲ್ರಿ."

"ಅಪ್ಪಣಿ ಮಾಡಿದ್ರ ಕತ್ತರಿ ಬರತೈತಿ. ಮನಸ ಬರೂದಿಲ್ಲ."

"ಇಷ್ಟು ವರ್ಷ… ನಿಮಗ ಬ್ಯಾಸರಾ ಆಗಲಿಲ್ಲೇನ್ರಿ?"

ಅಜ್ಜನವರು ನಿಂತರು.

"ಆಗತೈತಿ. ಬ್ಯಾಸರಾದ ವಾರಾನೂ ಸೋಮವಾರ ಬರತೈತಿ."

ಯಮನಪ್ಪ ಗೋವೆಗೆ ಹೋಗಲಿಲ್ಲ. ತಮ್ಮನ ಮದುವೆ ಮುಗಿಯಿತು. ಮುಂದಿನ ಸೋಮವಾರ ಬಂದು ಅಜ್ಜನವರ ಪಕ್ಕದಲ್ಲಿ ಅದೇ ಹಲಗೆಯ ಮೇಲೆ ಕುಳಿತ. ಅದರ ಮುಂದಿನ ಸೋಮವಾರವೂ ಕುಳಿತ. ತಾಲೂಕಿಗೆ ಹೋಗಿ ಕ್ಷೌರ ಮಾಡಿಸಿಕೊಳ್ಳುವುದನ್ನು ಬಿಟ್ಟ. ಕೂದಲು ಹೆಗಲಿಗಿಳಿಯಿತು, ಗಡ್ಡ ಎದೆಗೆ ಬಂತು.

"ಏನೋ ಯಮನಪ್ಪ, ನೀನೂ ಸ್ವಾಮಿ ಆಗಾವೇನು? ಮಠಾ ಎಲ್ಲಿ ಕಟ್ಟಸ್ತಿ?" ಎಂದು ಚನ್ನನಗೌಡರು ನಕ್ಕರು. ಊರಿನ ದೊಡ್ಡ ಮನೆತನದವರು ಅವರು.

"ಪಾಳಿ ಕಾಯಾಕ್ಹತ್ತೀನ್ರಿ ಗೌಡ್ರ," ಎಂದ.

ಮಳೆ ಬಂತು, ಹೋಯಿತು. ಮತ್ತೊಂದು ಮಳೆಗಾಲವೂ ಕಳೆಯಿತು. ಅಂಗಡಿಯಲ್ಲಿ ಏನೂ ಬದಲಾಗಲಿಲ್ಲ.

ಒಂದು ಸೋಮವಾರ ಅಜ್ಜನವರಿಗೆ ವಿಪರೀತ ಜ್ವರ. ಬೇಡವೆಂದರೂ ಕೇಳಲಿಲ್ಲ. ಯಮನಪ್ಪನ ಹೆಗಲ ಮೇಲೆ ಕೈಯಿಟ್ಟು ನಡುಬಜಾರಿನಲ್ಲಿ ನಡೆದು ಬಂದರು. ಹಲಗೆಯ ಮೇಲೆ ಕುಳಿತರು. ಆಗಲೇ ಬಂದಿದ್ದ ಚನ್ನನಗೌಡರು ಎದ್ದು ಕೈಮುಗಿದರು. ನಾಗಲಿಂಗ ಪಾದಕ್ಕೆ ಬಾಗಿದ. ಅಜ್ಜನವರ ತುಟಿ ಅಲುಗಿತು. ಧ್ವನಿ ಹೊರಡಲಿಲ್ಲ.

ನಾಗಲಿಂಗ ಬಹಳ ಹೊತ್ತು ಬಾಗಿಯೇ ಇದ್ದ. ಎದ್ದಾಗ ಅವನ ಮುಖ ತೊಯ್ದಿತ್ತು. ಹೆಗಲ ಮೇಲಿನ ವಸ್ತ್ರದಿಂದ ಕುರ್ಚಿಯನ್ನು ಝಾಡಿಸಿದ.

"ಯಮನಪ್ಪಣ್ಣಾ, ಬಾ. ಕುಂದ್ರು."

ಯಮನಪ್ಪ ಹಲಗೆಯಿಂದ ಎದ್ದ.

"ಏ ನಾಗಲಿಂಗಾ, ನಾ ಮೊದಲ ಬಂದೀನಿ," ಎಂದರು ಗೌಡರು.

"ಇಲ್ರಿ ಗೌಡ್ರ. ಇವರು ನಮ್ಮಪ್ಪನ ಕಾಲದಿಂದ ಕಾಯಾಕ್ಹತ್ಯಾರ."

ಗೌಡರು ಅಜ್ಜನವರ ಮುಖ ನೋಡಿದರು. ಅಜ್ಜನವರು ಕಣ್ಣು ಮುಚ್ಚಿದ್ದರು. ಗೌಡರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿ ಹೊರಟುಹೋದರು.

ಯಮನಪ್ಪನ ಕೂದಲು ಬಿತ್ತು. ಅನಂತರ ಅದೇ ಕುರ್ಚಿಯಲ್ಲಿ, ಅದೇ ವಸ್ತ್ರ ಹೊದ್ದು ಅಜ್ಜನವರು ಕುಳಿತರು. ಜಟೆ ಬಿತ್ತು. ಸುದ್ದಿ ಹಬ್ಬಿ ಭಕ್ತರು ಓಡಿಬಂದರು. ಪೂಜೆಗೆ ಒಂದೆಳೆಯಾದರೂ ಬೇಕೆಂದು ಬೇಡಿದರು.

"ಗುಡಿಸಿಬಿಡು," ಎಂದರು ಅಜ್ಜನವರು.

ನಾಗಲಿಂಗ ಇಬ್ಬರ ಕೂದಲನ್ನೂ ಒಟ್ಟಿಗೆ ಗುಡಿಸಿದ.

ಮುಂದಿನ ಸೋಮವಾರ ಯಮನಪ್ಪ ಪಕ್ಕದ ಊರಿನ ಕ್ಷೌರದಂಗಡಿಗೆ ಹೋಗಿ ಹಲಗೆಯ ಮೇಲೆ ಕುಳಿತ.