ಬೆಲ್ಲ ಹಾಕುವ ಹೊತ್ತು

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠವಿತ್ತು. ಅಲ್ಲಿ ಗಂಟೆಗಿಂತ ಒಲೆಗೆ ಕೆಲಸ ಹೆಚ್ಚು. ಬಂದವರಿಗೆಲ್ಲ ಊಟ ಹಾಕುವುದೇ ಆ ಮಠದ ಪೂಜೆ.

ಅಡುಗೆಮನೆಯ ಹಿರಿಯರು ಸಂಗಯ್ಯಜ್ಜ. ವಯಸ್ಸು ಎಂಬತ್ತು ದಾಟಿತ್ತು. ಅವರ ಹತ್ತಿರ ಕಲಿತು ಹೋದ ಅಡುಗೆಯವರು ಸುತ್ತಲ ಜಿಲ್ಲೆಗಳಲ್ಲೆಲ್ಲ ಇದ್ದರು. ಅವರಲ್ಲಿ ಎಲ್ಲರಿಗಿಂತ ಹೆಸರು ಮಾಡಿದವನು ಚನವೀರ.

ಹೆಸರು ಎಂದರೆ ಸಣ್ಣದಲ್ಲ. ಗೋಧಿ ಹುಗ್ಗಿ ಎಂದರೆ ಚನವೀರ, ಚನವೀರ ಎಂದರೆ ಗೋಧಿ ಹುಗ್ಗಿ. ಮೊದಲು ಅವನ ತಾರೀಕು ಕೇಳಿ, ಆಮೇಲೆ ಮದುವೆಯ ಮುಹೂರ್ತ ನೋಡುವ ಮನೆತನಗಳಿದ್ದವು. ಜ್ಯೋತಿಷಿಗಳಿಗೆ ಅವನ ಮೇಲೆ ಸ್ವಲ್ಪ ಸಿಟ್ಟೂ ಇತ್ತು.

ಒಂದು ಸೋಮವಾರ ಬೆಳಿಗ್ಗೆ ಅವನ ಗಾಡಿ ಮಠದ ಮುಂದೆ ನಿಂತಿತು. ಜೊತೆಗೆ ಯಮನಪ್ಪನೂ ಇಳಿದ. ಒಂಬತ್ತು ವರ್ಷದಿಂದ ಚನವೀರನ ಹಿಂದೆ ಊರೂರು ತಿರುಗುತ್ತಿದ್ದ ಬಲಗೈ ಬಂಟ ಅವನು. ಇಳಿದವನೇ ಅಡುಗೆಮನೆಗೆ ಹೋಗಿ ಕಟ್ಟಿಗೆ ಸೀಳಲು ಕೂತ. ಸುಮ್ಮನೆ ಕೂರುವುದು ಅವನ ಜಾಯಮಾನವಲ್ಲ.

ಅಜ್ಜ ಹೊರಗಿನ ಕಟ್ಟೆಯ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಚನವೀರ ಕಾಲಿಗೆ ಬಿದ್ದು ಎದುರಿಗೆ ಕೂತ.

“ಭಾಳ ದಿನಕ್ಕ ಬಂದಿ,” ಎಂದರು ಅಜ್ಜ.

“ಬಿಡುವ ಇಲ್ರಿ ಅಜ್ಜಾರ. ಮೊನ್ನೆ ಪುಣೆ, ನಿನ್ನೆ ವಿಜಯಪುರ, ನಾಳೆ ಬೀದರ. ಮನಿ ಮುಖ ನೋಡಿ ತಿಂಗಳಾತು.”

“ತ್ರಾಸ ಆಗತೈತೇನು?”

“ಇಲ್ರಿ. ಇನ್ನೂ ಬೇಕು ಅನಸತೈತಿ.” ಚನವೀರ ಮುಂದಕ್ಕೆ ಸರಿದು ಕೂತ. “ಐದು ವರ್ಷದಾಗ ಹತ್ತು ಊರಾಗ ನಮ್ಮ ಅಡಗಿಮನಿ ಆಗಬೇಕು. ಆಮ್ಯಾಲ ದುಬೈ. ಅಲ್ಲೂ ನಮ್ಮ ಮಂದಿ ಅದಾರ. ಹುಗ್ಗಿ ಅಂದ್ರ ಬಾಯಾಗ ನೀರ ಬರತಾವಂತ ಅವರಿಗೆ. ನೀವು ಸಾಕು ಮಾಡು ಅಂತೀರೇನೋ ಅಂತ ಅಂಜಿಕೋತ ಬಂದೀನಿ.”

“ಉಣ್ಣೋರು ಹೆಚ್ಚಾದ್ರ ನಾ ಯಾಕ ಸಾಕು ಅನ್ಲಿ?”

ಚನವೀರನಿಗೆ ಎದೆ ಹಗುರಾಯಿತು. ಬಂದ ಕೆಲಸವನ್ನು ಹೇಳಿದ.

“ಬರೂ ತಿಂಗಳು ಒಂದ ದಿನ ಮೂರು ಊಟ ಒಪ್ಪಿಕೊಂಡೀನ್ರಿ. ಹುಬ್ಬಳ್ಳಿ, ಗದಗ, ಸೊಲ್ಲಾಪುರ. ಮೂರೂ ದೊಡ್ಡ ಮನಿ. ಒಂದು ಕೆಟ್ರೂ ಹೆಸರು ಹೋಗತೈತಿ. ಹತ್ತು ಊರಿನ ಮಾತು ಅಲ್ಲಿಗೇ ಮುಗೀತು.”

“ಒಪ್ಪಿಕೊಳ್ಳುವಾಗ ಏನು ವಿಚಾರ ಮಾಡಿದ್ದಿ?”

“ಹುಬ್ಬಳ್ಯಾಗ ಬೆಳಿಗ್ಗೆ ಬೆಲ್ಲ ಹಾಕಿ ಕಾರ ಹತ್ತಿದ್ರ, ತಾಸೊಪ್ಪತ್ತಿನ್ಯಾಗ ಗದಗ. ಅಲ್ಲಿ ಬೆಲ್ಲ ಹಾಕೂದು.”

“ಸೊಲ್ಲಾಪುರ?”

“ಅದ ತಿಳೀವಲ್ದ್ರಿ. ಅದಕ್ಕ ನಿಮ್ಮ ಕಡೆ ಬಂದೀನಿ.”

ಹುಗ್ಗಿಯನ್ನು ಬರೀ ಉಂಡು ಗೊತ್ತಿದ್ದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಹುಗ್ಗಿಯ ಗುಟ್ಟೆಲ್ಲ ಬೆಲ್ಲ ಹಾಕುವ ಹೊತ್ತಿನಲ್ಲಿದೆ. ಗೋಧಿ ಬೇಯುವ ಮೊದಲೇ ಬೆಲ್ಲ ಬಿದ್ದರೆ ಕಾಳು ಬಿರುಸಾಗುತ್ತದೆ, ಆಮೇಲೆ ಎಷ್ಟು ಕಟ್ಟಿಗೆ ಉರಿಸಿದರೂ ಬೇಯುವುದಿಲ್ಲ. ತಡವಾದರೆ ತಳ ಹತ್ತಿ ಕೊಪ್ಪರಿಗೆಗೆ ಕೊಪ್ಪರಿಗೆಯೇ ಸೀದ ವಾಸನೆ. ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿ ನೋಡಿ ಹೇಳಬೇಕು, ಈಗ ಎಂದು. ಗಡಿಯಾರ ನೋಡಿ ಹೇಳುವ ಮಾತಲ್ಲ.

“ಕಾಳು ಒತ್ತಿ ನೋಡೋರು ಯಾರು?” ಎಂದು ಅಜ್ಜ ಕೇಳಿದರು.

“ನಾನ ರೀ. ಯಾವ ಊರಾಗಿದ್ರೂ ಬೆಲ್ಲ ನನ್ನ ಕೈಯಿಂದನ ಬೀಳಬೇಕು.” ಇದನ್ನು ಹೇಳುವಾಗ ಅವನ ಬೆನ್ನು ನೆಟ್ಟಗಾಯಿತು.

“ಯಮನಪ್ಪಗ ಬರೂದಿಲ್ಲೇನು?”

ಚನವೀರ ದನಿ ತಗ್ಗಿಸಿದ. “ಮನಷ್ಯಾ ಬಂಗಾರ ಇದ್ದಂಗ. ಆದ್ರ ಹದ ತಿಳಿಯಂಗಿಲ್ರಿ. ಒಂಬತ್ತು ವರ್ಷ ಆತು, ಇವತ್ತಿಗೂ ‘ಅಣ್ಣಾರ, ಬೆಲ್ಲ ಹಾಕ್ಲೇನ್ರಿ?’ ಅಂತ ಕೇಳತಾನ.”

“ಕೇಳಿದಾಗ ನೀ ಏನ ಮಾಡತಿ?”

“ಓಡಿ ಹೋಗಿ ಒತ್ತಿ ನೋಡಿ ಹಾಕತೀನಿ.”

“ಒಂಬತ್ತು ವರ್ಷದಿಂದ?”

“ಹೂನ್ರಿ.”

ಅಜ್ಜ ಸೊಪ್ಪಿನ ಮೊರ ಪಕ್ಕಕ್ಕಿಟ್ಟರು.

“ಇವತ್ತ ಇಲ್ಲೂ ಹುಗ್ಗಿ ಐತಿ. ಮುನ್ನೂರು ಮಂದಿ ಬರತಾರ. ಯಮನಪ್ಪ ಮಾಡ್ಲಿ. ನನ್ನ ಒಳಗ ಕರ್ಕೊಂಡು ಹೋಗಿ ಒಲಿ ಎದುರಿಗೆ ಕುಂದ್ರಸು. ನೀನೂ ಬಾಜೂಕ ಕುಂದ್ರು. ನನಗ ಕೈ ನಡಗತಾವು, ಎರಡೂ ಕೈ ಹಿಡ್ಕೋ. ಪಂಕ್ತಿ ಕುಂದ್ರೂತನಕ ಬಿಡಬ್ಯಾಡ. ಮಾತೂ ಆಡಬ್ಯಾಡ.”

ಇದೆಂಥ ಸೇವೆ ಎಂದು ಚನವೀರನಿಗೆ ಅನಿಸಿತು. ಆದರೂ ಹಿಡಿದುಕೊಂಡ.

ಯಮನಪ್ಪ ಒಲೆ ಹೊತ್ತಿಸಿದ. ಕುಟ್ಟಿದ ಗೋಧಿ ಕೊಪ್ಪರಿಗೆಗೆ ಬಿತ್ತು, ನೀರು ಬಿತ್ತು. ಬಿಸಿಲೇರುತ್ತ ಹೋದಂತೆ ಗೋಧಿ ಅರಳಿ ಮೇಲೆ ಬಂತು. ಹೊರಗೆ ಜನ ಸೇರುವ ಸದ್ದು ಕೇಳತೊಡಗಿತು.

ಯಮನಪ್ಪ ಹಣೆ ಒರೆಸಿಕೊಂಡು ತಿರುಗಿದ. “ಅಣ್ಣಾರ, ಬೆಲ್ಲ ಹಾಕ್ಲೇನ್ರಿ?”

ಚನವೀರ ಎದ್ದೇಬಿಟ್ಟಿದ್ದ. ಅಜ್ಜನ ಬೆರಳುಗಳು ಬಿಗಿದವು. ಅರವತ್ತು ವರ್ಷ ರೊಟ್ಟಿ ತಟ್ಟಿದ ಕೈ, ಬಿಡಿಸಿಕೊಳ್ಳಲು ಆಗಲಿಲ್ಲ. ಮತ್ತೆ ಕೂತ.

“ಅಂವಗ ಇವತ್ತ ಕೈ ಇಲ್ಲ ತಮ್ಮಾ,” ಎಂದರು ಅಜ್ಜ. “ನಿನಗ ಅದಾವಲ್ಲ?”

ಯಮನಪ್ಪ ತನ್ನ ಬೆರಳುಗಳನ್ನು ನೋಡಿಕೊಂಡ. ಸೌಟಿನಲ್ಲಿ ಒಂದು ಕಾಳು ತೆಗೆದು, ಊದಿ, ಒತ್ತಿದ. ತಲೆ ಆಡಿಸಿದ.

“ನಡುವ ಇನ್ನೂ ಬಿರುಸು ಐತಿ,” ಎಂದು ತನಗೇ ಹೇಳಿಕೊಂಡ.

ಚನವೀರನ ಪ್ರಕಾರ ಹೊತ್ತು ಆಗಿತ್ತು. ಗುಳ್ಳೆ ಒಡೆಯುವ ಸದ್ದಿನಲ್ಲೇ ಅವನಿಗೆ ಅದು ತಿಳಿಯುತ್ತಿತ್ತು. ಇನ್ನು ಸ್ವಲ್ಪ ಬಿಟ್ಟರೆ ತಳ ಹತ್ತುತ್ತದೆ. ಕೂಗಬೇಕು ಎನಿಸಿತು, ತುಟಿ ಕಚ್ಚಿಕೊಂಡ.

ಯಮನಪ್ಪ ಗಡಿಬಿಡಿ ಮಾಡಲಿಲ್ಲ. ಎರಡು ಕಟ್ಟಿಗೆ ಹೊರಗೆಳೆದು ಉರಿ ತಗ್ಗಿಸಿದ. ಮರದ ಉದ್ದ ಹುಟ್ಟನ್ನು ತಳದವರೆಗೆ ಇಳಿಸಿ ತಿರುವಿದ. ಇನ್ನೊಂದು ಕಾಳು ಒತ್ತಿದ.

ಹುಗ್ಗಿ ಕೆಟ್ಟರೆ ಹೇಗೆ ಎಂದು ಚನವೀರ ಹೆದರಿದ. ಕೆಡದಿದ್ದರೆ ಹೇಗೆ ಎಂಬ ಹೆದರಿಕೆಯೂ ಅದರ ಬೆನ್ನಿಗೇ ಬಂತು. ಆ ಹೊತ್ತಿನಲ್ಲಿ ನಡುಗುತ್ತಿದ್ದ ಕೈ ಅಜ್ಜನದಂತೂ ಆಗಿರಲಿಲ್ಲ.

ಯಮನಪ್ಪ ಮೂರನೆಯ ಕಾಳು ಒತ್ತಿದ. ಅದು ಬೆಣ್ಣೆಯಂತೆ ಚಪ್ಪಟೆಯಾಯಿತು. ಈ ಸಲ ಅವನು ತಿರುಗಿ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ಬೆಲ್ಲದ ಬುಟ್ಟಿ ಎತ್ತಿ ಸುರಿದ.

ಮಧ್ಯಾಹ್ನ ಪಂಕ್ತಿ ಕೂತಿತು. ತಾಟಿಗೆ ಹುಗ್ಗಿ ಬಿತ್ತು, ಮೇಲೆ ತುಪ್ಪ ಬಿತ್ತು. ಮುನ್ನೂರು ಜನ ಕೂತ ಅಂಗಳದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಡುಗೆಯವರಿಗೆ ಆ ಮೌನದ ಅರ್ಥ ಗೊತ್ತಿರುತ್ತದೆ.

ಅಜ್ಜ ಕೈ ಬಿಟ್ಟರು. “ಉಣ್ಣು.”

ಚನವೀರ ಒಂದು ತುತ್ತು ಬಾಯಿಗಿಟ್ಟ. ಕಾಳು ತನ್ನ ಹುಗ್ಗಿಗಿಂತ ಒಂದು ಗುಂಜಿ ಮೆತ್ತಗಿತ್ತು. ಸಿಹಿ ಸ್ವಲ್ಪ ನಿಧಾನವಾಗಿ ನಾಲಿಗೆಗೆ ಬರುತ್ತಿತ್ತು.

“ಇದು ನನ್ನ ಹುಗ್ಗಿ ಅಲ್ರಿ.”

“ಕೆಟ್ಟೈತೇನು?”

ಚನವೀರ ಇನ್ನೊಂದು ತುತ್ತು ಉಂಡ. ಮತ್ತೊಂದು ಉಂಡ. ಸುಳ್ಳು ಹೇಳಲು ಅವಕಾಶವಿತ್ತು, ನಾಲಿಗೆ ಒಪ್ಪಲಿಲ್ಲ.

“ಇಲ್ರಿ. ಭಾಳ ಚಲೋ ಆಗೇತಿ.”

ಬಾಗಿಲ ಬಳಿ ನಿಂತಿದ್ದ ಯಮನಪ್ಪ ಅದನ್ನು ಕೇಳಿಸಿಕೊಂಡು, ಕೇಳಿಸದವನಂತೆ ತುಪ್ಪದ ಪಾತ್ರೆ ಎತ್ತಿಕೊಂಡು ಹೊರಗೆ ಹೋದ. ಕಣ್ಣು ಒರೆಸಿಕೊಳ್ಳಲು ಅವನಿಗೆ ಒಂದು ನೆಪ ಬೇಕಾಗಿತ್ತು. ಒಲೆಯ ಹೊಗೆಯೂ ಆಗ ಇರಲಿಲ್ಲ.

ಊಟವಾದ ಮೇಲೆ ಗುರುಶಿಷ್ಯರು ಹೊಳೆಯ ಮೆಟ್ಟಿಲಿಗೆ ಕೈ ತೊಳೆಯಲು ಇಳಿದರು.

“ಸೊಲ್ಲಾಪುರಕ್ಕ ಯಮನಪ್ಪ ಹೋಗ್ಲಿ,” ಎಂದ ಚನವೀರ. “ಬೆಲ್ಲ ಅವನ ಹಾಕ್ಲಿ. ಗದಗಕ್ಕೂ ಒಬ್ಬರನ್ನ ತಯಾರ ಮಾಡಬೇಕು. ಹಿಂಗಾದ್ರ ಹತ್ತು ಊರು ದೂರ ಇಲ್ರಿ ಅಜ್ಜಾರ. ದುಬೈನೂ ದೂರ ಇಲ್ಲ.”

“ದೂರ ಇಲ್ಲ,” ಎಂದರು ಅಜ್ಜ. ಅವರ ಮುಖದಲ್ಲಿ ಸಂತೋಷವಿತ್ತು.

ಚನವೀರ ಮೆಟ್ಟಿಲು ಹತ್ತಲಿಲ್ಲ. ಒದ್ದೆ ಕೈಯನ್ನು ಪಂಚೆಗೆ ಒರೆಸುತ್ತ ನಿಂತ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

“ಹೇಳು,” ಎಂದರು ಅಜ್ಜ.

“ಒಂದು ಮಾತು ಐತ್ರಿ. ಕೇಳಾಕ ನಾಚಿಕಿ ಆಗತೈತಿ.”

“ನಾಚಿಕೋತ ಕೇಳು.”

“ಸೊಲ್ಲಾಪುರದ ಮಂದಿ ಉಂಡು, ಚನವೀರನ ಹುಗ್ಗಿಗಿಂತ ಯಮನಪ್ಪನ ಹುಗ್ಗಿನ ಚಲೋ ಅಂದ್ರ?”

ಅಜ್ಜ ಅವನ ಹೆಗಲ ಮೇಲೆ ಕೈಯಿಟ್ಟು ಒಂದು ಮೆಟ್ಟಿಲು ಹತ್ತಿದರು.

“ಇಪ್ಪತ್ತು ವರ್ಷದ ಹಿಂದ, ಮೊದಲನೇ ಸಲ ನೀ ಮಾಡಿದ ಹುಗ್ಗಿ ಉಂಡು, ಸಂಗಯ್ಯನ ಹುಗ್ಗಿಗಿಂತ ಇದ ಚಲೋ ಅಂತ ಇಡೀ ಪಂಕ್ತಿ ಅಂತು. ಅವತ್ತ ನಾ ಎರಡು ಸಲ ಹಾಕಿಸ್ಕೊಂಡು ಉಂಡೆ.”